ಕೊಚ್ಚಿದ ಮಾಂಸದ ಹೂರಣ ಸುರುಳಿ ಮತ್ತು ಹಿತ್ತಲ ಹೊಗೆಡ್ರಮ್ಮು: ಒಂದು ಪಾಠ



ಕಾಂಡಕೊರಕ, ಕೊಳೆರೋಗ, ಬೋರ್ಡೋ ದ್ರಾವಣ, ಗೊಬ್ಬರದ ಪ್ರಮಾಣ ಇವು ನಮ್ಮ ಪತ್ರಿಕೆಯ ಪಾಠಮಾಲೆಯ ಸಾಮಾನ್ಯ ವಿಷಯಗಳು. ಈ ಸಂಚಿಕೆಯಲ್ಲಿ ಅಡುಗೆಯ ಪಾಠವೊಂದನ್ನು ಕೊಡುತ್ತಿದ್ದೇವೆ. ತೋಟದ ಮನೆಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಸದಸ್ಯರು ಈಗ ನಮ್ಮಲ್ಲಿ ಹಲವರಿದ್ದಾರೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ರಜೆಗೆ ಬಂದಾಗ ಅಲ್ಲಿ ಕಲಿತ ಹಿತ್ತಲ ಅಡುಗೆಯನ್ನು ಇಲ್ಲಿಯೂ ಮಾಡಿ ತೋರಿಸುತ್ತಾರೆ. ಹಳೆಯ ಎಣ್ಣೆಡ್ರಮ್ಮಿಗೆ ತೂತು ಕೊರೆದು, ಕಂಬಿಯ ಜಾಲರಿ ಇಟ್ಟು ಹೊಗೆಯಲ್ಲಿ ಮಾಂಸ ಬೇಯಿಸುವುದು ಕಷ್ಟದ ಕೆಲಸವಲ್ಲ. ಆದರೆ ಅದರಲ್ಲಿ ಕೊಚ್ಚಿದ ಮಾಂಸವನ್ನು ಬೇಯಿಸುವಾಗ ತಿಳಿದಿರಲೇಬೇಕಾದ ಕೆಲವು ಸಂಗತಿಗಳಿವೆ. ಅವನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಮಾಂಸಾಹಾರ ಇಲ್ಲದ ಸದಸ್ಯರು ಈ ಪುಟವನ್ನು ಪೂರ್ತಿ ಬಿಟ್ಟುಬಿಡಬಾರದೆಂದು ಕೋರುತ್ತೇವೆ. ಸೌದೆ ಮತ್ತು ಹೊಗೆಯ ಬಗ್ಗೆ ಮುಂದೆ ಹೇಳಿರುವುದು ಅವರ ಬಚ್ಚಲ ಒಲೆಗೂ ಅನ್ವಯಿಸುತ್ತದೆ.

ಈ ಖಾದ್ಯ ಎಲ್ಲಿಯದು

ಅಮೆರಿಕದ ಅಂಗಡಿಗಳಲ್ಲಿ ಮಸಾಲೆ ಬೆರೆಸಿದ ಕೊಚ್ಚಿದ ಹಂದಿಮಾಂಸವನ್ನು ಒಂದು ಪೌಂಡಿನ, ಅಂದರೆ ಸುಮಾರು 450 ಗ್ರಾಂ ತೂಕದ, ಪ್ಲಾಸ್ಟಿಕ್ ಹೊದಿಕೆಯ ಉರುಳೆಗಳಾಗಿ ಮಾರುತ್ತಾರೆ. ಬೆಳಗಿನ ತಿಂಡಿಯ ಸಾಸೇಜ್ ಎಂದರೆ ಇದೇ. ಹೊದಿಕೆ ಸುಲಿದು ಆ ಉರುಳೆಯನ್ನು ಹಾಗೆಯೇ ಹೊಗೆಒಲೆಯಲ್ಲಿ ಇಡುವುದು ಮೊದಲಿನ ಕ್ರಮ. ಅಲ್ಲಿಯವರು ಇದನ್ನು ತಮಾಷೆಯಾಗಿ ‘ಫ್ಯಾಟಿ’ ಎಂದು ಕರೆಯುತ್ತಾರೆ. ಆಮೇಲೆ ಮಾಂಸವನ್ನು ಚಪ್ಪಟೆ ಮಾಡಿ, ನಡುವೆ ಚೀಸ್, ಈರುಳ್ಳಿ, ಮೆಣಸಿನಕಾಯಿ ಇಟ್ಟು ಸುತ್ತುವ ರೂಢಿ ಬೆಳೆಯಿತು. ಹೊರಗಡೆ ಬೇಕನ್ ಪಟ್ಟಿಗಳನ್ನು, ಅಂದರೆ ಉಪ್ಪು ಹಿಡಿಸಿ ಹೊಗೆಯಾಡಿಸಿದ ಹಂದಿಯ ಹೊಟ್ಟೆಭಾಗದ ತೆಳು ಪಟ್ಟಿಗಳನ್ನು, ಚಾಪೆಯಂತೆ ಹೆಣೆದು ಹೊದಿಸುವುದೂ ಉಂಟು. 2008ರ ಕೊನೆಯಲ್ಲಿ ಕಾನ್ಸಾಸ್ ಸಿಟಿಯ ಇಬ್ಬರು ಗೆಳೆಯರು ಎರಡು ಪೌಂಡು ಬೇಕನ್ ಮತ್ತು ಎರಡು ಪೌಂಡು ಸಾಸೇಜಿನಿಂದ ಮಾಡಿದ ದೊಡ್ಡ ಸುರುಳಿಯೊಂದು ‘ಬೇಕನ್ ಎಕ್ಸ್‌ಪ್ಲೋಷನ್’ ಎಂಬ ಹೆಸರಿನಲ್ಲಿ ದೇಶದಾಚೆಗೂ ಪ್ರಸಿದ್ಧವಾಯಿತು.

ಒಲೆಯ ಇತಿಹಾಸವೂ ಸ್ವಾರಸ್ಯವಾದದ್ದೇ. 1952ರಲ್ಲಿ ಷಿಕಾಗೋ ಸಮೀಪದ ಜಾರ್ಜ್ ಸ್ಟೀಫನ್ ಎಂಬವರು, ತಾವು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ, ನೀರಿನ ಮೇಲೆ ತೇಲಿಬಿಡುವ ಗುರುತಿನ ಗುಂಡನ್ನು ಎರಡಾಗಿ ಕತ್ತರಿಸಿ ಮುಚ್ಚಳವುಳ್ಳ ಒಲೆ ಮಾಡಿದರು. ಕೊಳ್ಳಲಾರದವರಿಗೆ, ಕೈಯಾರೆ ಮಾಡುವ ಹುರುಪಿನವರಿಗೆ ಅಲ್ಲಿಯೂ 200 ಲೀಟರಿನ ಡ್ರಮ್ಮೇ ಗತಿ.

ಇಡಿ ಮಾಂಸ ಬೇರೆ, ಕೊಚ್ಚಿದ ಮಾಂಸ ಬೇರೆ

ಈ ಪಾಠದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಬೇಕು.

ಹೊಗೆಯ ಮಾಂಸ ನಮಗೆ ಹೊಸದಲ್ಲ. ಕೊಡಗಿನಲ್ಲಿ ಮಾಂಸದ ತುಂಡುಗಳಿಗೆ ಉಪ್ಪು ಹಚ್ಚಿ ಒಲೆಯ ಮೇಲೆ ತೂಗುಹಾಕಿ ಮಳೆಗಾಲಕ್ಕೆ ಕಾಪಿಡುವ ಪದ್ಧತಿ ಹಿಂದಿನಿಂದ ಇದೆ. ಹಾಗಿದ್ದ ಮೇಲೆ ಡ್ರಮ್ಮಿನ ಅಡುಗೆಗೆ ಪಾಠವೇಕೆ ಎಂದು ಹಿರಿಯರು ಕೇಳಬಹುದು. ಅವರ ಪದ್ಧತಿಯಲ್ಲಿ ಮೂರು ರಕ್ಷಣೆಗಳಿದ್ದುವು. ಮಾಂಸ ಇಡಿ ತುಂಡಾಗಿತ್ತು. ಉಪ್ಪು ಮತ್ತು ಒಣಗುವಿಕೆಯಿಂದ ಅದರ ನೀರು ಹೋಗಿರುತ್ತಿತ್ತು. ಕೊನೆಗೆ ಅದನ್ನು ತಿನ್ನುವ ಮೊದಲು ಚೆನ್ನಾಗಿ ಕುದಿಸಿ ಸಾರು ಮಾಡುತ್ತಿದ್ದರು. ಹೊಗೆ ಪರಿಮಳ ಕೊಟ್ಟಿತು. ಕಾಪಾಡಿದ್ದು ಉಪ್ಪು ಮತ್ತು ಕುದಿತ.

ಅಮೆರಿಕದ ಸುರುಳಿಯಲ್ಲಿ ಈ ಮೂರೂ ಇಲ್ಲ. ಇಡಿ ತುಂಡಿನಲ್ಲಿ ರೋಗಾಣುಗಳು ಬಹುಪಾಲು ಮೇಲ್ಮೈಯಲ್ಲಿ ಇರುತ್ತವೆ. ಬೆಂಕಿ ತಾಗಿದೊಡನೆ ಸಾಯುತ್ತವೆ. ಮಾಂಸವನ್ನು ಕೊಚ್ಚಿದಾಗ ಹೊರಗಿದ್ದುದೆಲ್ಲ ಒಳಗೆ ಬೆರೆಯುತ್ತದೆ. ಅದನ್ನು ಸುತ್ತಿ ಉರುಳೆ ಮಾಡಿದರೆ, ಒಲೆಯ ಬಿಸಿ ಎಲ್ಲಕ್ಕಿಂತ ತಡವಾಗಿ ತಲುಪುವ ನಡುಭಾಗದಲ್ಲೂ ರೋಗಾಣುಗಳಿರುತ್ತವೆ. ಮೇಲಾಗಿ ಹೊಗೆಒಲೆಯ ಬಿಸಿ ಮಂದ. 4ರಿಂದ 60 ಡಿಗ್ರಿ ಸೆಂಟಿಗ್ರೇಡಿನ ನಡುವೆ ರೋಗಾಣುಗಳು ಬೆಳೆಯುತ್ತವೆ. ಸುರುಳಿ ಈ ಹಾದಿಯನ್ನು ಬೇಗ ದಾಟಬೇಕು. ಬೆಂದ ಮೇಲೆ ಮತ್ತೆ ಕುದಿಸುವ ಕ್ರಮವೂ ಇದರಲ್ಲಿ ಇಲ್ಲ. ಡ್ರಮ್ಮಿನಿಂದ ಇಳಿದದ್ದು ನೇರವಾಗಿ ತಟ್ಟೆಗೆ ಬರುತ್ತದೆ.

ಅಮೆರಿಕ ಇದನ್ನು ನೋವಿನಿಂದ ಕಲಿಯಿತು. 1993ರಲ್ಲಿ ಅಲ್ಲಿಯ ಪಶ್ಚಿಮ ರಾಜ್ಯಗಳಲ್ಲಿ, ಸಾಕಷ್ಟು ಬೇಯದ ಕೊಚ್ಚಿದ ದನದ ಮಾಂಸದ ಹ್ಯಾಂಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಾಲ್ಕು ಮಕ್ಕಳು ತೀರಿಕೊಂಡರು. ಕಾರಣವಾದದ್ದು ಇ. ಕೋಲಿ ಎಂಬ ರೋಗಾಣುವಿನ ಒಂದು ಘೋರ ತಳಿ.

ನಮ್ಮ ದೇಶದಲ್ಲಿ ಹಂದಿಮಾಂಸದ ವಿಷಯದಲ್ಲಿ ಲಾಡಿಹುಳುವಿನ ಭಯವೂ ಸೇರುತ್ತದೆ. ಬೇಯದ ಮಾಂಸದಲ್ಲಿರುವ ಹುಳುವಿನ ಮರಿಕೋಶ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಆ ಮನುಷ್ಯನ ಮಲದ ಮೂಲಕ ಹೊರಬೀಳುವ ಮೊಟ್ಟೆಗಳು ಕೊಳಕು ಕೈ, ನೀರು, ಹಸಿ ತರಕಾರಿಗಳ ದ್ವಾರಾ ಇನ್ನೊಬ್ಬರ ಹೊಟ್ಟೆ ಸೇರಿದರೆ, ಮರಿಗಳು ಮಿದುಳಿಗೆ ಹೋಗಿ ನೆಲೆಸಿ ಮೂರ್ಛೆರೋಗ ತರಬಲ್ಲವು. ಅಂದರೆ ಹಸಿಬಿಸಿ ಮಾಂಸ ತಿಂದವನ ತಪ್ಪಿನ ಫಲವನ್ನು ಮಾಂಸವನ್ನೇ ಮುಟ್ಟದ ನೆರೆಯವನೂ ಉಣ್ಣಬೇಕಾಗುತ್ತದೆ.

ಬಯಲಿನಲ್ಲಿ ಅಲೆದು ಮೇಯುವ ಹಂದಿಯ ಮಾಂಸವನ್ನು ಈ ಕೆಲಸಕ್ಕೆ ತರಲೇಬಾರದು. ಕಟ್ಟಿ ಸಾಕಿದ್ದನ್ನೇ, ಗೊತ್ತಿದ್ದವರಿಂದಲೇ ಕೊಳ್ಳಬೇಕು. ಕಾಡುಹಂದಿಯನ್ನು ಅನುಮತಿಯಿಲ್ಲದೆ ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂಬುದನ್ನೂ ಸದಸ್ಯರಿಗೆ ನೆನಪಿಸುತ್ತೇವೆ.

ಡ್ರಮ್ಮಿನ ಆಯ್ಕೆ

1. ಅಡುಗೆ ಎಣ್ಣೆ ಅಥವಾ ಆಹಾರ ಪದಾರ್ಥ ತುಂಬಿದ್ದ ಡ್ರಮ್ಮನ್ನೇ ಆರಿಸಬೇಕು. ತೋಟದ ಔಷಧಿ ತುಂಬಿದ್ದ ಡ್ರಮ್ಮು ಎಷ್ಟೇ ತೊಳೆದರೂ, ಎಷ್ಟೇ ಸುಟ್ಟರೂ ಅಡುಗೆಗೆ ಬಾರದು.

2. ಒಳಗಿನ ಬಣ್ಣ, ಲೇಪನಗಳನ್ನು ಜೋರು ಬೆಂಕಿ ಹಾಕಿ ಸುಟ್ಟು, ಉಜ್ಜಿ ತೆಗೆಯಬೇಕು. ಸತುವಿನ ಲೇಪನವಿರುವ ತಗಡು, ಜಾಲರಿಗಳನ್ನು ಒಳಗೆ ಬಳಸಬಾರದು. ಬಹಳ ಕಾದಾಗ ಅದರಿಂದ ಕೆಟ್ಟ ಹಬೆ ಏಳುತ್ತದೆ.

3. ಬುಡದ ಸಮೀಪ ಸುತ್ತಲೂ 2 ಸೆಂ.ಮೀ. ಅಗಲದ ಮೂರು ನಾಲ್ಕು ಗಾಳಿತೂತುಗಳಿರಲಿ. ಅವನ್ನು ಬೇಕಾದಂತೆ ಮುಚ್ಚಿ ತೆರೆಯಲು ತಗಡಿನ ತುಂಡು ಜೋಡಿಸಬೇಕು. ಮುಚ್ಚಳದಲ್ಲಿ ಹೊಗೆ ಹೋಗಲು ಒಂದು ದಾರಿ ಇರಬೇಕು; ಇದನ್ನು ಎಂದೂ ಪೂರ್ತಿ ಮುಚ್ಚಬಾರದು.

4. ಇದ್ದಿಲಿನ ಬುಟ್ಟಿ ಕೆಳಗೆ, ಮಾಂಸದ ಜಾಲರಿ ಅದಕ್ಕಿಂತ ಸುಮಾರು 60 ಸೆಂ.ಮೀ. ಮೇಲೆ. ಇವೆರಡರ ನಡುವೆ ನೀರು ತುಂಬಿದ ಅಗಲ ಪಾತ್ರೆಯೊಂದನ್ನು ಇಡಬೇಕು. ಅದು ಬಿಸಿಯನ್ನು ಸಮನಾಗಿ ಇರಿಸುತ್ತದೆ. ಕರಗಿ ತೊಟ್ಟಿಕ್ಕುವ ಕೊಬ್ಬನ್ನು ಹಿಡಿಯುತ್ತದೆ. ಕೊಬ್ಬು ಕೆಂಡದ ಮೇಲೆ ಬಿದ್ದು ಉರಿದರೆ ಆ ಮಸಿಯಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳು ಹುಟ್ಟಿ ಮಾಂಸಕ್ಕೆ ಅಂಟುತ್ತವೆ.

5. ಡ್ರಮ್ಮು ಬಯಲಿನಲ್ಲೇ ಇರಬೇಕು. ಮಳೆ ಬಂತೆಂದು ಉಗ್ರಾಣದೊಳಗೋ ಮುಚ್ಚಿದ ಶೆಡ್ಡಿನೊಳಗೋ ತಂದು ಇಡಬಾರದು. ಇದ್ದಿಲಿನಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣ ತೆಗೆಯುತ್ತದೆ.

ಸೌದೆ ಮತ್ತು ಹೊಗೆ

ಬಿಸಿ ಕೊಡುವುದು ಇದ್ದಿಲು, ಪರಿಮಳ ಕೊಡುವುದು ಸೌದೆ. ಇದ್ದಿಲು 2ರಿಂದ 3 ಕಿಲೋ ಬೇಕು. ಸೌದೆ ಮುಷ್ಟಿ ಗಾತ್ರದ ಮೂರು ನಾಲ್ಕು ತುಂಡು ಸಾಕು. ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ನಿಧಾನವಾಗಿ ಕಾದು ಒಡೆದಾಗ ಹೊಗೆಯ ಪರಿಮಳದ ವಸ್ತುಗಳು ಹೊರಬರುತ್ತವೆ. ತೆಳ್ಳಗೆ ನೀಲಿಯಾಗಿ ಕಾಣುವ ಹೊಗೆ ಒಳ್ಳೆಯದು. ದಟ್ಟವಾದ ಬಿಳಿ ಹೊಗೆ ಹಸಿ ಸೌದೆಯ ಅಥವಾ ಗಾಳಿ ಸಾಲದ ಲಕ್ಷಣ. ಅದು ಮಾಂಸಕ್ಕೆ ಮಸಿಯನ್ನೂ ಕಹಿಯನ್ನೂ ಅಂಟಿಸುತ್ತದೆ. ನಮ್ಮ ಹವೆಯಲ್ಲಿ ಸೌದೆಯನ್ನು ಮಳೆ ತಾಗದಂತೆ ಆರು ತಿಂಗಳಾದರೂ ಒಣಗಿಸಬೇಕು.

ಅಮೆರಿಕದಲ್ಲಿ ಹಿಕರಿ, ಓಕ್, ಸೇಬು, ಚೆರಿ ಮರಗಳನ್ನು ಬಳಸುತ್ತಾರೆ. ಕಾಫಿ ಗಿಡದ ಕಟ್ಟಿಗೆಯೂ ಅಲ್ಲಿ ಈ ಕೆಲಸಕ್ಕೆಂದೇ ಮಾರಾಟವಾಗುತ್ತದೆ. ಕಪಾತಿನ ಕಡ್ಡಿ, ಕಿತ್ತ ಹಳೇ ಗಿಡದ ಬುಡ ನಮ್ಮಲ್ಲಿ ರಾಶಿ ಬಿದ್ದಿರುತ್ತವೆ. ಕಟ್ಟಿಗೆ ಗಟ್ಟಿ, ಕೆಂಡ ನಿಲ್ಲುತ್ತದೆ. ಸೀಬೆ ಮತ್ತು ಕಿತ್ತಳೆ ಮರದ ತುಂಡುಗಳೂ ಚೆನ್ನ.

ಆದರೆ ಕಾಫಿ ಕಟ್ಟಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಕಿತ್ತು ರಾಶಿ ಹಾಕಿದ ಗಿಡಗಳಲ್ಲಿ ಅನೇಕವು ಬಿಳಿ ಕಾಂಡಕೊರಕ ತಗುಲಿದವು. ಈ ಹುಳುವಿಗಾಗಿ ನಾವು ವರ್ಷಾನುಗಟ್ಟಲೆ ಕಾಂಡಕ್ಕೆ ಲಿಂಡೇನ್ ಬಳಿದಿದ್ದೇವೆ. ಆ ಔಷಧಿಯ ತಯಾರಿಕೆ ನಮ್ಮ ದೇಶದಲ್ಲಿ 2011ರಲ್ಲಿಯೂ ಬಳಕೆ 2013ರಲ್ಲಿಯೂ ನಿಷೇಧವಾಯಿತು. ಬಹಳ ಕಾಲ ಕರಗದೆ ಉಳಿಯುವ ಗುಣವೇ ಅದರ ದೋಷ. ಔಷಧಿ ಬಳಿದ ಕಾಂಡವನ್ನು, ಅದು ಯಾವ ಔಷಧಿಯೇ ಆಗಿರಲಿ, ಹೊಗೆಡ್ರಮ್ಮಿಗೆ ಹಾಕಬಾರದು. ಬಚ್ಚಲ ಒಲೆಗೂ ಅಡುಗೆಮನೆಗೂ ತರಬಾರದು. ಔಷಧಿ ತಾಗದ ಗಿಡವೆಂದು ಖಾತ್ರಿಯಿದ್ದರೆ ಮಾತ್ರ, ತೊಗಟೆ ಕೆತ್ತಿ ಬಳಸಬೇಕು. ಮೈಲುತುತ್ತದ ದ್ರಾವಣ ಮತ್ತೆ ಮತ್ತೆ ಹೊಡೆದ ಅಡಿಕೆಯ ಸಿಪ್ಪೆಯನ್ನೂ ಈ ಕೆಲಸಕ್ಕೆ ದೂರವಿಡುವುದು ಲೇಸು.

ಮೈಗೆ ತಾಗಿದರೆ ಬೊಬ್ಬೆ ಏಳಿಸುವ ಗೇರು ಜಾತಿಯ ಕಾಡುಮರಗಳು, ವಿಷಮರವಾದ ಕಾಸರಕ, ಹಿತ್ತಲಿನ ಕಣಗಿಲೆ, ಬಣ್ಣ ಬಳಿದ ಹಲಗೆ, ಪ್ಲೈವುಡ್ ಇವನ್ನು ಒಲೆಯ ಬಳಿಯೂ ತರಬಾರದು.

ಬೇಕಾಗುವ ಸಾಮಗ್ರಿ (ಎರಡು ಸುರುಳಿಗೆ)

ಶೇಕಡಾ 25ರಿಂದ 30 ಕೊಬ್ಬಿರುವ ಕೊಚ್ಚಿದ ಹಂದಿಮಾಂಸ 1 ಕಿಲೋ. ಉಪ್ಪು 15 ಗ್ರಾಂ. ನಮ್ಮದೇ ತೋಟದ ಕಾಳುಮೆಣಸಿನ ತರಿಪುಡಿ 2 ಚಹಾ ಚಮಚ. ಒಣಮೆಣಸಿನ ತರಿ 1 ಚಮಚ. ಜಜ್ಜಿದ ಬೆಳ್ಳುಳ್ಳಿ 6 ಎಸಳು. ಅಮೆರಿಕನ್ನರು ಸೇಜ್ ಎಂಬ ಒಣಸೊಪ್ಪನ್ನು ಹಾಕುತ್ತಾರೆ. ಸಿಕ್ಕಿದರೆ 1 ಚಮಚ. ಹೂರಣಕ್ಕೆ ಚೀಸ್ 150 ಗ್ರಾಂ, ದೊಣ್ಣೆಮೆಣಸಿನಕಾಯಿ 1, ಈರುಳ್ಳಿ 1. ಹೊರಗೆ ಸುತ್ತಲು ಬೇಕನ್ ಪಟ್ಟಿ 300 ಗ್ರಾಂ, ಇದಿಲ್ಲದೆಯೂ ಆಗುತ್ತದೆ.

ಹಂದಿ ತಿನ್ನದವರು ಕುರಿಯ ಅಥವಾ ಕೋಳಿಯ ಮಾಂಸ ಬಳಸಬಹುದು. ಕೋಳಿಮಾಂಸದಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಎರಡು ಚಮಚ ಎಣ್ಣೆ ಸೇರಿಸಬೇಕು.

ಮಾಡುವ ಕ್ರಮ

1. ಸಂತೆಯಲ್ಲಿ ಕೊಚ್ಚಿ ಇಟ್ಟಿರುವ ಮಾಂಸ ಬೇಡ. ಇಡಿ ತುಂಡನ್ನು ತಂದು, ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿಸಿ, ಅಂದೇ ಮನೆಯಲ್ಲಿ ಕೊಚ್ಚಬೇಕು. ತಣ್ಣಗಿದ್ದರೆ ಕೊಬ್ಬು ಕರಗದೆ ಮಾಂಸ ಚೆನ್ನಾಗಿ ಹೊಂದಿಕೊಳ್ಳುತ್ತದೆ, ರೋಗಾಣುಗಳಿಗೂ ಬೆಳೆಯಲು ಅವಕಾಶವಿಲ್ಲ. ಹಲಗೆ, ಚಾಕು, ಕೈ ಇವನ್ನು ಒಡನೆ ಸಾಬೂನು ಹಾಕಿ ತೊಳೆಯಬೇಕು.

2. ಉಪ್ಪು, ಮಸಾಲೆ ಸೇರಿಸಿ ಅಂಟು ಬರುವವರೆಗೆ ನಾದಬೇಕು. ಅಂಟು ಬಾರದಿದ್ದರೆ ಸುರುಳಿ ಬಿರಿಯುತ್ತದೆ.

3. ಈರುಳ್ಳಿ, ದೊಣ್ಣೆಮೆಣಸಿನಕಾಯಿಗಳನ್ನು ಹೆಚ್ಚಿ ಬಾಡಿಸಿ, ಪೂರ್ತಿ ಆರಿಸಬೇಕು. ಹಸಿಯಾಗಿ ಹಾಕಿದರೆ ನೀರು ಬಿಡುತ್ತದೆ. ಬಿಸಿಯಾಗಿ ಹಾಕಿದರೆ ಮಾಂಸ ಒಳಗಿನಿಂದ ಬೆಚ್ಚಗಾಗಿ ಕೆಡುವ ಸಂಭವ.

4. ಅರ್ಧ ಕಿಲೋ ಮಾಂಸವನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಲಟ್ಟಣಿಗೆಯಿಂದ 25 ಸೆಂ.ಮೀ. ಚೌಕಕ್ಕೆ ಹರಡಬೇಕು. ದಪ್ಪ ಸುಮಾರು 8 ಮಿ.ಮೀ. ಬರುತ್ತದೆ. ಮೇಲಿನ ಹಾಳೆ ತೆಗೆದು, ಅಂಚಿನಲ್ಲಿ ಎರಡು ಬೆರಳು ಜಾಗ ಬಿಟ್ಟು ಹೂರಣ ಹರಡಬೇಕು. ಕೆಳಗಿನ ಹಾಳೆಯನ್ನು ಹಿಡಿದೆತ್ತುತ್ತ ಚಾಪೆ ಸುತ್ತುವಂತೆ ಬಿಗಿಯಾಗಿ ಸುತ್ತಿ, ತುದಿಗಳನ್ನು ಒತ್ತಿ ಮುಚ್ಚಬೇಕು. ತುದಿ ತೆರೆದಿದ್ದರೆ ಚೀಸೆಲ್ಲ ನೀರಿನ ಪಾತ್ರೆಯ ಪಾಲು. ಬೇಕನ್ ಇದ್ದರೆ ಈಗ ಹೊದಿಸಬೇಕು. ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಆಕಾರ ಗಟ್ಟಿಯಾಗುತ್ತದೆ.

5. ಸುರುಳಿಯ ದಪ್ಪ 6ರಿಂದ 7 ಸೆಂ.ಮೀ. ಮೀರಬಾರದು. ಒಂದು ಕಿಲೋವನ್ನು ಒಂದೇ ಸುರುಳಿ ಮಾಡುವ ಆಸೆ ಬೇಡ. ದಪ್ಪವಾದಷ್ಟೂ ನಡುಭಾಗ ಬೇಯುವುದು ತಡವಾಗುತ್ತದೆ, ಹೊರಗಡೆ ಒಣಗಿ ಹೋಗುತ್ತದೆ.

6. ಡ್ರಮ್ಮು 110ರಿಂದ 120 ಡಿಗ್ರಿಗೆ ಬಂದು ನಿಂತ ಮೇಲೆಯೇ ಸುರುಳಿಯನ್ನು ಇಡಬೇಕು. ಬಿಸಿ ಏರಿದರೆ ಬುಡದ ತೂತುಗಳನ್ನು ಕಿರಿದು ಮಾಡಬೇಕು, ಇಳಿದರೆ ಅಗಲ ಮಾಡಬೇಕು. ಮುಚ್ಚಳವನ್ನು ಪದೇ ಪದೇ ತೆರೆಯಬಾರದು. ಸಾಧಾರಣವಾಗಿ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ.

7. ಅರ್ಧ ಬೇಯಿಸಿ, ಉಳಿದದ್ದನ್ನು ನಾಳೆ ಬೇಯಿಸೋಣವೆಂದು ಎತ್ತಿಡುವುದು ಅಪಾಯ. ಮಳೆ ಬಂದರೆ, ಕೆಂಡ ಆರಿದರೆ, ಸುರುಳಿಯನ್ನು ಒಳಗೆ ತಂದು ಬಾಣಲೆಯಲ್ಲಾದರೂ ಅಂದೇ, ಆಗಲೇ ಬೇಯಿಸಿ ಮುಗಿಸಬೇಕು. ಹಾಗೆಯೇ ತಣ್ಣನೆಯ ಹೊಗೆಯಲ್ಲಿ ದಿನಗಟ್ಟಲೆ ಇಡುವ ಯೂರೋಪಿನ ಸಾಸೇಜುಗಳ ವಿದ್ಯೆ ಬೇರೆ. ಅದಕ್ಕೆ ನೈಟ್ರೈಟ್ ಉಪ್ಪು, ತೂಕದ ಲೆಕ್ಕ ಬೇಕು. ಈ ಸುರುಳಿಯನ್ನು ಆ ರೀತಿ ಮಾಡಹೊರಡಬಾರದು.

ಬೆಂದಿತೆಂದು ತಿಳಿಯುವುದು ಹೇಗೆ

ಗಡಿಯಾರ ನೋಡಿ ಹೇಳಲಾಗದು. ಗಾಳಿ, ಇದ್ದಿಲು, ಸುರುಳಿಯ ದಪ್ಪ ದಿನದಿನಕ್ಕೆ ಬೇರೆ. ಬಣ್ಣ ನೋಡಿಯೂ ಹೇಳಲಾಗದು, ಇದಕ್ಕೆ ಎರಡು ಕಾರಣಗಳು. ಮೊದಲನೆಯದಾಗಿ, ಹೊಗೆಯಲ್ಲಿರುವ ಅನಿಲಗಳು ಮಾಂಸದ ಕೆಂಪು ವಸ್ತುವಿನೊಡನೆ ಸೇರಿ, ಪೂರ್ತಿ ಬೆಂದ ಮೇಲೂ ಅಂಚಿನಲ್ಲಿ ಗುಲಾಬಿ ಬಣ್ಣವನ್ನು ಉಳಿಸುತ್ತವೆ. ಎರಡನೆಯದಾಗಿ, ಇದಕ್ಕೆ ವಿರುದ್ಧವಾಗಿ, ಕೊಚ್ಚಿದ ಮಾಂಸ ಬೇಯುವ ಮೊದಲೇ ಕಂದುಬಣ್ಣಕ್ಕೆ ತಿರುಗುವುದೂ ಉಂಟು. ನಾಲ್ಕು ಹ್ಯಾಂಬರ್ಗರ್‌ಗಳಲ್ಲಿ ಒಂದು ಹೀಗೆ ಮೋಸ ಮಾಡುತ್ತದೆಂದು ಅಮೆರಿಕದ ಕೃಷಿ ಇಲಾಖೆ ತನ್ನ ಜನರನ್ನು ಎಚ್ಚರಿಸಿದೆ. ಒಂದು ಬಣ್ಣ ಬೆಂದದ್ದನ್ನು ಹಸಿಯೆನ್ನುತ್ತದೆ, ಇನ್ನೊಂದು ಹಸಿಯನ್ನು ಬೆಂದಿದೆಯೆನ್ನುತ್ತದೆ.

ಆದುದರಿಂದ ಚುಚ್ಚಿ ನೋಡುವ ಥರ್ಮಾಮೀಟರು ಇಲ್ಲದೆ ಈ ಅಡುಗೆಗೆ ಕೈಹಾಕಬಾರದು. ಅದರ ಸೂಜಿಯನ್ನು ಸುರುಳಿಯ ತುದಿಯಿಂದ ಉದ್ದಕ್ಕೆ, ನಡುವಿನವರೆಗೆ ಚುಚ್ಚಬೇಕು. ಚೀಸಿನಲ್ಲಿ ಒಮ್ಮೆ, ಅದರ ಪಕ್ಕದ ಮಾಂಸದಲ್ಲಿ ಒಮ್ಮೆ ನೋಡಿ, ಎರಡರಲ್ಲಿ ಕಡಿಮೆಯದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಹಂದಿ, ಕುರಿಗಳ ಕೊಚ್ಚಿದ ಮಾಂಸಕ್ಕೆ 71 ಡಿಗ್ರಿ, ಕೋಳಿಗೆ 74 ಡಿಗ್ರಿ. 2011ರಲ್ಲಿ ಅಮೆರಿಕದ ಕೃಷಿ ಇಲಾಖೆ ಇಡಿ ಹಂದಿಮಾಂಸದ ಮಿತಿಯನ್ನು 63 ಡಿಗ್ರಿಗೆ ಇಳಿಸಿತು. ಕೊಚ್ಚಿದ ಮಾಂಸದ 71ನ್ನು ಇಳಿಸಲಿಲ್ಲ. ಈ ವ್ಯತ್ಯಾಸದ ಕಾರಣ ಮೇಲೆ ಓದಿದವರಿಗೆ ಸ್ಪಷ್ಟವಾಗಿರಬೇಕು.

ಥರ್ಮಾಮೀಟರನ್ನು ಪರೀಕ್ಷಿಸಲು ಮಂಜುಗಡ್ಡೆಯ ಚೂರು ತುಂಬಿದ ನೀರಿನಲ್ಲಿ ಅದ್ದಬೇಕು, ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿ ನೋಡುವವರು ಒಂದು ಮಾತು ತಿಳಿದಿರಲಿ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿದರೆ ಮಡಿಕೇರಿಯಂಥ ಎತ್ತರದಲ್ಲಿ ಸುಮಾರು 96ಕ್ಕೇ ಕುದಿಯುತ್ತದೆ. ಅಷ್ಟಕ್ಕೆ ಥರ್ಮಾಮೀಟರು ಕೆಟ್ಟಿದೆ ಎನ್ನಬಾರದು.

ಈ ಶಿಸ್ತು ಬೆಳೆಗಾರರಿಗೆ ಹೊಸದಲ್ಲ. ಪಾರ್ಚ್‌ಮೆಂಟ್ ಒಣಗಿತೇ ಎಂದು ಹಲ್ಲಿನಲ್ಲಿ ಕಚ್ಚಿ ನೋಡುವವರು ಇಂದೂ ಇದ್ದಾರೆ. ಇಷ್ಟು ದಿನ ಕಣದಲ್ಲಿ ಇತ್ತೆಂದು ಲೆಕ್ಕ ಹೇಳುವವರೂ ಇದ್ದಾರೆ. ಆದರೆ ಶೇಕಡಾ 10ರ ತೇವಾಂಶ ಬಂದಿದೆಯೋ ಇಲ್ಲವೋ ಎಂಬುದನ್ನು ಕೊನೆಗೆ ಹೇಳುವುದು ಮಾಪಕವೇ. ತಪ್ಪಿದರೆ ಅಲ್ಲಿ ಕಾಫಿಗೆ ಬೂಸಲು ಬಂದು ಬೆಲೆ ಬೀಳುತ್ತದೆ. ಇಲ್ಲಿ ಅತಿಥಿಯೋ ಮನೆಯ ಮಗುವೋ ಆಸ್ಪತ್ರೆ ಸೇರುತ್ತದೆ.

ಬಡಿಸುವುದು, ಉಳಿದದ್ದನ್ನು ಇಡುವುದು

ಇಳಿಸಿದ ಸುರುಳಿಯನ್ನು ಹತ್ತು ನಿಮಿಷ ಹಾಗೆಯೇ ಬಿಟ್ಟು, ಆಮೇಲೆ ಒಂದೂವರೆ ಸೆಂ.ಮೀ. ದಪ್ಪದ ಬಿಲ್ಲೆಗಳಾಗಿ ಕತ್ತರಿಸಬೇಕು. ಅಮೆರಿಕದಲ್ಲಿ ಬ್ರೆಡ್ಡು, ಮೊಟ್ಟೆಗಳೊಡನೆ ತಿನ್ನುತ್ತಾರೆ; ನಮ್ಮ ಅಕ್ಕಿರೊಟ್ಟಿಗೂ ಒಪ್ಪುತ್ತದೆ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು. ಮತ್ತೆ ಬಿಸಿ ಮಾಡುವಾಗ 74 ಡಿಗ್ರಿ ಮುಟ್ಟಿಸಬೇಕು. ರಾತ್ರಿಯೆಲ್ಲ ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾಗಿದ್ದರೆ ಮೂಸಿ ನೋಡಿ ತೀರ್ಮಾನಿಸದೆ ಎಸೆಯುವುದೇ ಸರಿ.

ಇದು ದಿನದ ಊಟವಲ್ಲ. ಉಪ್ಪು ಹಿಡಿಸಿ, ಹೊಗೆಯಾಡಿಸಿ ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಘೋಷಿಸಿದೆ. ಹಬ್ಬಕ್ಕೋ ಅತಿಥಿಗಳು ಬಂದಾಗಲೋ ಮಾಡಿ ತಿಂದರೆ ಸಾಕು.

ಸಾರಾಂಶ

1. ಆಹಾರ ತುಂಬಿದ್ದ ಡ್ರಮ್ಮು. ಔಷಧಿ ತಾಗದ, ಚೆನ್ನಾಗಿ ಒಣಗಿದ ಸೌದೆ.
2. ತಣ್ಣನೆಯ ಮಾಂಸ, ಅಂದೇ ಕೊಚ್ಚಿದ್ದು; ಸುರುಳಿ 7 ಸೆಂ.ಮೀ. ಮೀರದ್ದು.
3. ಡ್ರಮ್ಮಿನೊಳಗೆ 110ರಿಂದ 120 ಡಿಗ್ರಿ. ಸುರುಳಿಯ ನಡುವೆ 71, ಕೋಳಿಯಾದರೆ 74.
4. ಬಣ್ಣ, ಗಡಿಯಾರಗಳ ಮಾತು ಕೇಳದೆ ಥರ್ಮಾಮೀಟರಿನ ಮಾತು ಕೇಳುವುದು.

ಈ ಕ್ರಮದಲ್ಲಿ ಮಾಡಿ ನೋಡಿದ ಸದಸ್ಯರು ತಮ್ಮ ಅನುಭವವನ್ನು, ಮುಖ್ಯವಾಗಿ ಯಾವ ಸೌದೆಯ ಹೊಗೆ ರುಚಿಸಿತು ಎಂಬುದನ್ನು, ಸಂಘದ ಕಚೇರಿಗೆ ಬರೆದು ತಿಳಿಸಿದಲ್ಲಿ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ